ಹೊಲಿಗೆ ಬಿಚ್ಚಿದ ಮೇಲಿನ ಕಥೆ

ದಪ್ಪಗಿದ್ದಾನೆ ಎಂಬ ಕಾರಣಕ್ಕೆ ಸಿಂಹಾಸನ ಕಳೆದುಕೊಂಡ ಅರಸನೊಬ್ಬ ಚರಿತ್ರೆಯಲ್ಲಿದ್ದಾನೆ. ಸ್ಪೇನಿನ ಉತ್ತರ ಭಾಗದ ಲಿಯಾನ್ ರಾಜ್ಯದ ಮೊದಲನೆಯ ಸಾಂಚೊ. ಕುದುರೆ ಹತ್ತಲಾರದವನು, ಆಸರೆಯಿಲ್ಲದೆ ನಡೆಯಲಾರದವನು ಯುದ್ಧಕ್ಕೆ ಮುಂದಾಳಾಗುವುದು ಹೇಗೆಂದು ಅವನ ಸರದಾರರು ಕ್ರಿ.ಶ. 958ರಲ್ಲಿ ಅವನನ್ನು ಕೆಳಗಿಳಿಸಿದರು. ಆಗ ಅವನ ಅಜ್ಜಿ, ನವಾರ್ರಾದ ರಾಣಿ ಟೋಡಾ, ನೆರವು ಕೇಳಿದ್ದು ಕಾರ್ಡೋಬಾದ ಖಲೀಫ ಮೂರನೆಯ ಅಬ್ದುಲ್ ರಹಮಾನನನ್ನು. ಖಲೀಫನ ಆಸ್ಥಾನದಲ್ಲಿ ಹಸ್ದಾಯ್ ಇಬ್ನ್ ಶಪ್ರೂತ್ ಎಂಬ ಯಹೂದಿ ವೈದ್ಯನಿದ್ದ. ರೋಗಿಯನ್ನು ಕಾರ್ಡೋಬಾಕ್ಕೆ ಕರೆತರಲಾಯಿತು. ಕ್ರೈಸ್ತ ರೋಗಿ, ಯಹೂದಿ ವೈದ್ಯ, ಮುಸ್ಲಿಂ ದೊರೆಯ ಊರು. ನಮ್ಮ ಕಾಲಕ್ಕೆ ಇದೇ ಒಂದು ಸೋಜಿಗದಂತೆ ಕಾಣಬಹುದು, ಆ ಊರಿನಲ್ಲಿ ಆಗ ಅದು ನಿತ್ಯದ ಮಾತಾಗಿತ್ತು.

ಹಸ್ದಾಯ್ ಗಿಡಮೂಲಿಕೆಯ ಔಷಧ ಕೊಟ್ಟು, ಆಹಾರವನ್ನು ಬಿಗಿ ಮಾಡಿ, ಅರಸನನ್ನು ನಡೆಸಿ ತೂಕ ಇಳಿಸಿದನೆಂದು ಹೇಳುತ್ತಾರೆ. ತಿನ್ನದಿರಲೆಂದು ತುಟಿಗಳನ್ನೇ ಹೊಲಿದು, ಕೊಳವೆಯಲ್ಲಿ ಕಷಾಯವನ್ನಷ್ಟೇ ಕುಡಿಸಿದನೆಂಬ ಮಾತೂ ಅದರೊಂದಿಗೆ ಸೇರಿಕೊಂಡಿದೆ. ಅದು ಆಮೇಲಿನವರ ಬಣ್ಣವಿರಬೇಕು. ಆದರೂ ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಚರಿತ್ರೆ ಬರೆಯುವ ವೈದ್ಯರಿಗೆ ಈ ಹೊಲಿಗೆಯೆಂದರೆ ಬಲು ಪ್ರೀತಿ. ಸಾಂಚೊನನ್ನು ಅವರು ತಮ್ಮ ಮೊದಲ ರೋಗಿ ಎನ್ನುತ್ತಾರೆ. ತೆಳ್ಳಗಾದ ಅರಸ ಕುದುರೆಯೇರಿ ಹೋಗಿ ಸಿಂಹಾಸನ ಮರಳಿ ಪಡೆದ ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಹೊಲಿಗೆ ಬಿಚ್ಚಿದ ಮೇಲೆ, 966ರಲ್ಲಿ ಸಾಯುವ ತನಕ ಅವನು ಏನು ಉಂಡ, ಹೇಗೆ ಬಾಳಿದ ಎಂಬ ಕಡೆಗೆ ಕಥೆ ಹೇಳುವವರು ತಿರುಗುವುದಿಲ್ಲ.

ನಾನು ಬರೆಯಹೊರಟಿರುವುದು ಆ ಬಿಟ್ಟುಹೋದ ಭಾಗದ ಬಗ್ಗೆ. ಹೊಟ್ಟೆ ಕೊಯ್ದು ತೂಕ ಇಳಿಸುವ ಈ ಚಿಕಿತ್ಸೆಗೆ ಈಗ ಎಪ್ಪತ್ತು ವರ್ಷ ದಾಟಿದೆ. ಈ ಅವಧಿಯಲ್ಲಿ ಬಂದ ಒಂದೊಂದು ವಿಧಾನದ ನಿಜವಾದ ಅಪಾಯವೂ ಆಪರೇಷನ್ ಕೋಣೆಯಲ್ಲಿ ಗೊತ್ತಾಗಲಿಲ್ಲ. ರೋಗಿ ಮನೆಗೆ ಹೋಗಿ ತಿಂಗಳು, ವರ್ಷ ಕಳೆದ ಮೇಲೆ ಗೊತ್ತಾಯಿತು. ಆ ಮನೆ ನಮ್ಮ ಕೊಡಗಿನಂಥ ಜಿಲ್ಲೆಯಲ್ಲಿದ್ದರೆ ಲೆಕ್ಕ ಇನ್ನಷ್ಟು ಬದಲಾಗುತ್ತದೆ.

ಸಾಂಚೊ ಚಿಕಿತ್ಸೆ ಪಡೆದ ಕಾಲದಲ್ಲೇ, ಕಾರ್ಡೋಬಾದ ಮಗ್ಗುಲಿನ ಅಲ್ ಝಹ್ರಾದಲ್ಲಿ ಅಬುಲ್ ಕಾಸಿಮ್ ಅಲ್ ಝಹ್ರಾವಿ ಇದ್ದ. ಯುರೋಪಿನವರು ಅಬುಲ್ಕಾಸಿಸ್ ಎಂದು ಕರೆದದ್ದು ಇವನನ್ನೇ. 30 ಭಾಗಗಳ ಅವನ 'ಕಿತಾಬುತ್ತಸ್ರೀಫ್'ನ ಕೊನೆಯ ಭಾಗ ಪೂರ್ತಿ ಶಸ್ತ್ರಚಿಕಿತ್ಸೆಗೆ ಮೀಸಲು. ಪ್ರಾಣಿಗಳ ಕರುಳಿನ ನೂಲಿನಿಂದ ಗಾಯ ಹೊಲಿಯುವುದನ್ನು ಅವನು ಬರೆದಿದ್ದಾನೆ. ಅದರ ಮುನ್ನುಡಿಯಲ್ಲಿ ಅವನು ತನ್ನ ಸಾಧನೆಯನ್ನು ಹೇಳಿಕೊಳ್ಳುವುದಿಲ್ಲ. ಇತರರ ಕೈಯಲ್ಲಿ ಸತ್ತವರ ಕಥೆ ಹೇಳುತ್ತಾನೆ. ಕುತ್ತಿಗೆಯ ಗಂಟು ಕೊಯ್ಯಲು ಹೋಗಿ ರಕ್ತನಾಳ ಕತ್ತರಿಸಿದ ವೈದ್ಯ, ಮುದುಕನ ಮೂತ್ರಕೋಶದ ಕಲ್ಲು ತೆಗೆಯಲು ಹೋಗಿ ಅವನನ್ನು ಮೂರೇ ದಿನದಲ್ಲಿ ಕಳೆದುಕೊಂಡವನು – ಹೀಗೆ. ಶಸ್ತ್ರಕ್ರಿಯೆಯಲ್ಲಿ ಕ್ಷೇಮದ್ದು, ಅಪಾಯದ್ದು ಎಂದು ಎರಡು ಬಗೆಯಿದೆ. ಎರಡನೆಯದನ್ನು ಪುಸ್ತಕದಲ್ಲಿ ಬರುವಲ್ಲೆಲ್ಲ ಗುರುತಿಸಿ ಎಚ್ಚರಿಸುತ್ತೇನೆ ಎನ್ನುತ್ತಾನೆ. ಸಾವಿರ ವರ್ಷದ ಹಿಂದಿನ ಈ ಪದ್ಧತಿ ಇಂದಿನ ಆಸ್ಪತ್ರೆಗಳ ಜಾಹೀರಾತು ಫಲಕಗಳಲ್ಲಿ ಕಾಣಿಸುವುದಿಲ್ಲ.

ಬೊಜ್ಜು ಕಾಯಿಲೆಯೇ ಅಲ್ಲ, ಸೋಮಾರಿತನ ಎಂಬ ಮಾತು ನಮ್ಮಲ್ಲಿದೆ. ಹಿಂದಿನವರು ಹಾಗೆ ತಿಳಿದಿರಲಿಲ್ಲ. ಚರಕಸಂಹಿತೆ ಅತಿಸ್ಥೂಲನಿಗೆ ಬರುವ ಎಂಟು ದೋಷಗಳನ್ನು ಹೇಳಿ, ಆಯಸ್ಸು ಕುಗ್ಗುವುದನ್ನೂ ಅದರಲ್ಲಿ ಸೇರಿಸಿದೆ. ಇಬ್ನ್ ಸೀನಾ ತನ್ನ 'ಅಲ್ ಕಾನೂನ್'ನಲ್ಲಿ ಅತಿ ಬೊಜ್ಜಿನವನ ಉಸಿರಾಟದ ಕಷ್ಟ, ಹಠಾತ್ ಸಾವಿನ ಭಯ ಎರಡನ್ನೂ ಬರೆದಿದ್ದಾನೆ. ಉರ್ದುವಿನಲ್ಲಿ 'ಪರ್‌ಹೇಜ್' ಎಂಬ ಪದವಿದೆ. ಪಥ್ಯ ಎಂದರೆ ಅದರ ಅರ್ಧ ಅರ್ಥ ಮಾತ್ರ ಬರುತ್ತದೆ. ತನ್ನನ್ನು ತಾನು ತಡೆದುಕೊಳ್ಳುವುದು, ಜೀವನಪೂರ್ತಿ ತಡೆದುಕೊಂಡೇ ಇರುವುದು ಅದರ ಒಳಗಿದೆ. ಈ ಪದವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗಿನ ಚಿಕಿತ್ಸೆಯ ಚರಿತ್ರೆ ಶುರುವಾಗುವುದು 1950ರ ದಶಕದಲ್ಲಿ. 1954ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಕ್ರೆಮೆನ್ ಮತ್ತು ಲಿನ್ನರ್ ಎಂಬ ವೈದ್ಯರು ಸಣ್ಣ ಕರುಳಿನ ಬಹುಭಾಗವನ್ನು ದಾರಿ ತಪ್ಪಿಸಿ ಮೇಲಿನ ತುದಿಯನ್ನು ಕೆಳಗಿನ ತುದಿಗೆ ಜೋಡಿಸುವ ವಿಧಾನವನ್ನು ಪ್ರಕಟಿಸಿದರು. ಉಂಡದ್ದು ಮೈಗೆ ಹತ್ತುವ ಮೊದಲೇ ಹೊರಗೆ ಹೋಗಬೇಕು ಎಂಬುದು ಲೆಕ್ಕ. 1960ರ ದಶಕದಲ್ಲಿ ಪೇನ್ ಮತ್ತು ಡಿವಿಂಡ್ ಎಂಬವರು ಇದನ್ನು ಇನ್ನೂ ಮುಂದಕ್ಕೊಯ್ದರು. ಸುಮಾರು ಆರು ಮೀಟರ್ ಕರುಳಿನಲ್ಲಿ ಅರ್ಧ ಮೀಟರಿನಷ್ಟನ್ನು ಮಾತ್ರ ಬಳಕೆಯಲ್ಲಿ ಉಳಿಸಿದರು. ತೂಕ ಬೇಕಾದಂತೆ ಇಳಿಯಿತು. ಸಾವಿರಾರು ಜನ ಮಾಡಿಸಿಕೊಂಡರು. ಆಮೇಲೆ ಒಬ್ಬೊಬ್ಬರೇ ಮರಳಿ ಬರತೊಡಗಿದರು – ನಿಲ್ಲದ ಭೇದಿ, ಕೀಲುನೋವು, ಮೂತ್ರಪಿಂಡದ ಕಲ್ಲು, ಇರುಳುಗುರುಡು, ಕೆಲವರಿಗೆ ಯಕೃತ್ತೇ ಸೋತು ಸಾವು. ಎಷ್ಟೋ ಜನರ ಹೊಟ್ಟೆಯನ್ನು ಮತ್ತೆ ತೆರೆದು ಕರುಳನ್ನು ಮೊದಲಿನಂತೆ ಜೋಡಿಸಬೇಕಾಯಿತು. 1980ರ ಹೊತ್ತಿಗೆ ಆ ವಿಧಾನವನ್ನು ಕೈಬಿಟ್ಟರು. ಅಂದರೆ ಅದರ ಗುಣದೋಷ ಪೂರ್ತಿ ತಿಳಿಯಲು ಕಾಲು ಶತಮಾನ ಹಿಡಿಯಿತು, ತಿಳಿಸಿಕೊಟ್ಟವರು ರೋಗಿಗಳು.

ಅಯೋವಾದ ಎಡ್ವರ್ಡ್ ಮೇಸನ್ ಬೇರೆ ದಾರಿ ಹಿಡಿದ. ಹುಣ್ಣಿಗಾಗಿ ಜಠರದ ಒಂದು ಭಾಗ ತೆಗೆಸಿಕೊಂಡವರು ಆಮೇಲೆ ದಪ್ಪಗಾಗುವುದು ಕಷ್ಟ ಎಂಬುದನ್ನು ಗಮನಿಸಿ, 1966ರಲ್ಲಿ ಜಠರವನ್ನೇ ಕಿರಿದು ಮಾಡಿ ಕರುಳಿಗೆ ಜೋಡಿಸಿದ. ಇಂದಿನ ಗ್ಯಾಸ್ಟ್ರಿಕ್ ಬೈಪಾಸ್‌ಗೆ ಮೂಲ ಅದು. ಈಗ ಜಠರದ ಮೇಲ್ತುದಿಯಲ್ಲಿ ಎರಡು ದೊಡ್ಡ ಚಮಚದಷ್ಟು ಹಿಡಿಯುವ ಚೀಲವನ್ನು ಮಾತ್ರ ಉಳಿಸುತ್ತಾರೆ. ಮೇಸನ್ ಮಾಡಿದ ಇನ್ನೊಂದು ಕೆಲಸ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆಪರೇಷನ್ ಆದವರು ಆಮೇಲೆ ಏನಾದರು ಎಂದು ಬರೆದಿಡುವ ದಾಖಲಾತಿಯನ್ನು 1980ರ ದಶಕದಲ್ಲಿ ಆರಂಭಿಸಿದ.

ನಡುವೆ ಬಂದುಹೋದ ವಿಧಾನಗಳನ್ನೆಲ್ಲ ಇಲ್ಲಿ ಹೇಳಬೇಕಾಗಿಲ್ಲ. ಜಠರದ ಸುತ್ತ ರಬ್ಬರಿನಂಥ ಪಟ್ಟಿ ಬಿಗಿಯುವ ವಿಧಾನವೊಂದು ಎರಡು ದಶಕ ಮೆರೆದು, ಪಟ್ಟಿ ಜಾರುವುದು, ಜಠರದೊಳಕ್ಕೆ ಕೊರೆಯುವುದು ಕಂಡ ಮೇಲೆ ಹಿಂದೆ ಸರಿಯಿತು. ಈಗ ಹೆಚ್ಚು ಚಾಲ್ತಿಯಲ್ಲಿರುವುದು ಸ್ಲೀವ್ ವಿಧಾನ. ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಉದ್ದಕ್ಕೆ ಕತ್ತರಿಸಿ ಹೊರತೆಗೆದು, ಬಾಳೆಹಣ್ಣಿನಂಥ ಕೊಳವೆಯೊಂದನ್ನು ಉಳಿಸುತ್ತಾರೆ. ತೆಗೆದದ್ದನ್ನು ಮತ್ತೆ ಹಾಕಲಾಗದು. ಮೊದಲು ಇದು ದೊಡ್ಡ ಆಪರೇಷನ್ನಿಗೆ ಮುಂಚಿನ ಮೆಟ್ಟಿಲು ಮಾತ್ರ ಆಗಿತ್ತು. ಇಷ್ಟಕ್ಕೇ ತೂಕ ಇಳಿಯುತ್ತದೆಂದು ಕಂಡದ್ದರಿಂದ ಇದೇ ಆಪರೇಷನ್ ಆಯಿತು. ಹುಳಿತೇಗು, ಎದೆಯುರಿ ಹೆಚ್ಚುವುದು ಇದರ ನಿಧಾನದ ತೊಂದರೆ.

ಹಾಗೆಂದು ಈ ಚಿಕಿತ್ಸೆಯನ್ನು ಬೈಯಲು ನಾನು ಕುಳಿತಿಲ್ಲ. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನವೊಂದು ಆಪರೇಷನ್ ಆದ 2,010 ಮತ್ತು ಆಗದ 2,037 ಸ್ಥೂಲಕಾಯರನ್ನು ಸರಾಸರಿ ಹನ್ನೊಂದು ವರ್ಷ ಹಿಂಬಾಲಿಸಿತು. ಆಪರೇಷನ್ ಆದವರಲ್ಲಿ ಸಾವಿನ ಪ್ರಮಾಣ ಸುಮಾರು ಕಾಲು ಭಾಗ ಕಡಿಮೆ ಎಂದು 2007ರಲ್ಲಿ ವರದಿಯಾಯಿತು. ಸಕ್ಕರೆ ಕಾಯಿಲೆ ಹತೋಟಿಗೆ ಬಂದವರು ಬಹಳ. 2009ರಲ್ಲಿ ಅಮೆರಿಕದಿಂದ ಬಂದ 4,776 ರೋಗಿಗಳ ವರದಿಯಲ್ಲಿ ಆಪರೇಷನ್ ಆದ 30 ದಿನದೊಳಗೆ ಸತ್ತವರು ಶೇ. 0.3, ಗಂಭೀರ ತೊಂದರೆಗೆ ಸಿಕ್ಕಿದವರು ಶೇ. 4.3. ಸಾವಿರದಲ್ಲಿ ಮೂವರು, ನೂರರಲ್ಲಿ ನಾಲ್ವರು. ಪಿತ್ತಕೋಶದ ಆಪರೇಷನ್ನಿಗೆ ಹೆದರದವರು ಇದಕ್ಕೆ ವಿಪರೀತ ಹೆದರಬೇಕಾಗಿಲ್ಲ. ಆದರೆ ಇವು ಅನುಭವಿ ಕೇಂದ್ರಗಳ, ಮೊದಲ ತಿಂಗಳಿನ ಅಂಕಿಗಳು ಎಂಬುದನ್ನು ಮರೆಯಬಾರದು.

ಯಾರಿಗೆ ಮಾಡಬೇಕು? 1991ರಲ್ಲಿ ಅಮೆರಿಕದಲ್ಲಿ ಹಾಕಿದ ಗೆರೆ ಬಿಎಂಐ 40; ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ತೊಂದರೆಯಿದ್ದರೆ 35. ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ ಇದು. ಐದೂ ಕಾಲು ಅಡಿ ಎತ್ತರದವರಿಗೆ 40 ಎಂದರೆ 102 ಕಿಲೋ, 35 ಎಂದರೆ 90 ಕಿಲೋ. ಕಡಿಮೆ ತೂಕಕ್ಕೇ ನಮ್ಮವರಿಗೆ ಸಕ್ಕರೆ ಕಾಯಿಲೆ ಬರುವುದರಿಂದ ಭಾರತದ ತಜ್ಞರು 2009ರಲ್ಲಿ ಇದನ್ನು 37.5 ಮತ್ತು 32.5ಕ್ಕೆ ಇಳಿಸಿದರು. 2022ರಲ್ಲಿ ಅಂತರರಾಷ್ಟ್ರೀಯ ತಜ್ಞ ಸಂಘಗಳು ಇನ್ನೂ ಕೆಳಗಿಳಿದು, ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು ಎಂದವು. ಅಂದರೆ ಅದೇ ಎತ್ತರಕ್ಕೆ 70 ಕಿಲೋ! ವೈದ್ಯಕೀಯವಾಗಿ ಇದಕ್ಕೆ ಕಾರಣಗಳಿವೆ. ಆದರೆ 70 ಕಿಲೋ ತೂಗುವವರು ನಮ್ಮ ಮನೆಮನೆಯಲ್ಲಿದ್ದಾರೆ. ಗೆರೆ ಕೆಳಗಿಳಿದಂತೆ ಮಾರುಕಟ್ಟೆ ಅಗಲವಾಗುತ್ತದೆ ಎಂಬುದನ್ನು ತಿಳಿಯಲು ವೈದ್ಯಶಾಸ್ತ್ರ ಓದಬೇಕಾಗಿಲ್ಲ. ಆರೋಗ್ಯ ವಿಮೆಯವರು ಮಾತ್ರ 2019ರ ನಿಯಮಗಳಲ್ಲಿ ಹಳೆಯ 40 ಮತ್ತು 35ಕ್ಕೇ ಅಂಟಿಕೊಂಡರು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019-20ರಲ್ಲಿ ಕರ್ನಾಟಕದ ಹೆಂಗಸರಲ್ಲಿ ಶೇ. 30ರಷ್ಟು, ಗಂಡಸರಲ್ಲಿ ಶೇ. 31ರಷ್ಟು ಜನ ಅಧಿಕ ತೂಕದವರು ಎಂದಿತು. ನಮ್ಮ ಕೊಡಗು ಈಚಿನವರೆಗೂ ಕಾಲ್ನಡಿಗೆಯ ಜಿಲ್ಲೆ. ಗದ್ದೆಗೆ ಇಳಿಯುವುದು, ತೋಟಕ್ಕೆ ಹತ್ತುವುದು, ಸಂತೆಗೆ ನಡೆಯುವುದು. ಈಗ ಗೇಟಿನ ತನಕ ಜೀಪು ಬರುತ್ತದೆ. ಅಕ್ಕಿರೊಟ್ಟಿ, ಕಡುಂಬುಟ್ಟು, ನೆಯ್‌ಚೋರು ಯಾವುದೂ ಕಡಿಮೆಯಾಗಲಿಲ್ಲ, ಏರುದಾರಿ ಮಾತ್ರ ಕಡಿಮೆಯಾಯಿತು. ವಿರಾಜಪೇಟೆಯ ಮದುವೆಮನೆಯೊಂದರಲ್ಲಿ, ಗಲ್ಫಿನಿಂದ ಬಂದವರು ಯಾರದೋ 'ಬೊಜ್ಜಿನ ಆಪರೇಷನ್' ಬಗ್ಗೆ ಹೇಳುತ್ತಿದ್ದಾಗ ವಯಸ್ಸಾದ ಖಾಲಾ ಒಬ್ಬರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಹೊಟ್ಟೇನೇ ಕೊಯ್ದು ತೆಗೀತಾರಂತಲ್ಲ ಬೇಟಾ, ಆಮೇಲೆ ರೋಜಾ ಹಿಡಿಯೋದು ಹೇಗೆ?"

ಸುತ್ತಲಿದ್ದವರು ನಕ್ಕರು. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಕಿರಿದಾದ ಜಠರಕ್ಕೆ ಒಮ್ಮೆಗೆ ಒಂದು ಲೋಟ ನೀರು ಹಿಡಿಯುವುದಿಲ್ಲ. ದಿನವಿಡೀ ಗುಟುಕು ಗುಟುಕಾಗಿ ಕುಡಿಯಬೇಕು. ಹಗಲಿನ ನೀರನ್ನು ಇಫ್ತಾರ್ ಮತ್ತು ಸಹರಿಯ ನಡುವೆ ತುಂಬಿಸಿಕೊಳ್ಳುವುದು ಮೊದಲ ವರ್ಷದಲ್ಲಂತೂ ಕಷ್ಟ, ದೇಹ ಒಣಗಿ ಆಸ್ಪತ್ರೆ ಸೇರಬೇಕಾಗಬಹುದು. ಬೈಪಾಸ್ ಆದವರು ಖರ್ಜೂರ, ಶರಬತ್ತು ಒಟ್ಟಿಗೆ ತೆಗೆದುಕೊಂಡರೆ ಸಕ್ಕರೆ ನೇರ ಕರುಳಿಗಿಳಿದು ಬೆವರು, ನಡುಕ, ಎದೆಬಡಿತ, ಭೇದಿ ಶುರುವಾಗಬಹುದು. ಕಾಯಿಲೆಯವರಿಗೆ ರೋಜಾದಿಂದ ವಿನಾಯಿತಿ ಇದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ತೆಳ್ಳಗಾಗಿ ಲವಲವಿಕೆಯಿಂದ ಓಡಾಡುವವಳನ್ನು ಮನೆಯವರು ಕಾಯಿಲೆಯವಳೆಂದು ಒಪ್ಪುವುದು ಕಷ್ಟ. ಪರ್‌ಹೇಜ್ ಎಂಬ ಪದ ಇಲ್ಲಿಗೆ ಬರುತ್ತದೆ. ಆಪರೇಷನ್ ಪರ್‌ಹೇಜಿನಿಂದ ಬಿಡುಗಡೆ ಕೊಡುತ್ತದೆಂದು ಜನ ತಿಳಿಯುತ್ತಾರೆ. ಅದು ಪರ್‌ಹೇಜನ್ನು ದೇಹದೊಳಗೇ ಹೊಲಿದು ಕಳಿಸುತ್ತದೆ. ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ, ಬಿ12 ಸಾಯುವ ತನಕ ಬೇಕು, ರಕ್ತಪರೀಕ್ಷೆ ವರ್ಷವರ್ಷವೂ ಬೇಕು. ಮದುವೆ ಗೊತ್ತಾಗಲೆಂದು ಮಗಳಿಗೆ ಆಪರೇಷನ್ ಮಾಡಿಸುವ ತಾಯಂದಿರು ಇನ್ನೊಂದು ಸಂಗತಿ ತಿಳಿದಿರಬೇಕು. ತೂಕ ಇಳಿದಾಗ ಗರ್ಭ ನಿಲ್ಲುವುದು ಸುಲಭವಾಗುತ್ತದೆ, ಆದರೆ ಕನಿಷ್ಠ 12ರಿಂದ 18 ತಿಂಗಳು ಬಸಿರಾಗಬಾರದೆಂದು ವೈದ್ಯರು ಹೇಳುತ್ತಾರೆ. ಮದುವೆಯಾದ ಮರುತಿಂಗಳಿಂದಲೇ 'ವಿಶೇಷ ಇದೆಯಾ' ಎಂದು ಕೇಳುವ ನಮ್ಮ ನೆಂಟರಿಗೆ ಇದನ್ನು ಹೇಳುವವರು ಯಾರು?

ಕುಡಿತದ ಮಾತನ್ನೂ ಆಡಿಬಿಡಬೇಕು, ಕೊಡಗಿನಲ್ಲಿ ಅದನ್ನು ಬಿಟ್ಟರೆ ಪೂರ್ತಿಯಾಗದು. ಬೈಪಾಸ್ ಆದವರ ರಕ್ತಕ್ಕೆ ಮದ್ಯ ಬೇಗ ಏರುತ್ತದೆ. ಅಮೆರಿಕದ 2012ರ ಅಧ್ಯಯನವೊಂದರಲ್ಲಿ ಕುಡಿತದ ಚಟದವರು ಆಪರೇಷನ್ನಿಗೆ ಮುಂಚೆ ಶೇ. 7.6 ಇದ್ದವರು ಎರಡನೆಯ ವರ್ಷದಲ್ಲಿ ಶೇ. 9.6 ಆದರು. ಮೊದಲ ವರ್ಷದಲ್ಲಿ ಏರಿಕೆಯೇ ಇರಲಿಲ್ಲ. ಖಿನ್ನತೆ, ಆತ್ಮಹತ್ಯೆಯ ಪ್ರಯತ್ನ ಹೆಚ್ಚಿರುವುದೂ ಹಲವು ಅಧ್ಯಯನಗಳಲ್ಲಿ ಕಂಡಿದೆ. ಊಟವೇ ಸಮಾಧಾನವಾಗಿದ್ದವರಿಂದ ಊಟವನ್ನು ಕಿತ್ತುಕೊಂಡ ಮೇಲೆ ಮನಸ್ಸನ್ನೂ ವಿಚಾರಿಸಬೇಕಾಗುತ್ತದೆ.

ಇನ್ನೊಂದು ಗೊಂದಲವನ್ನು ಬಿಡಿಸಬೇಕು. 2022ರ ಮೇ 16ರಂದು ಬೆಂಗಳೂರಿನಲ್ಲಿ ಕನ್ನಡ ಕಿರುತೆರೆಯ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬೆನ್ನಿಗೆ ತೀರಿಕೊಂಡರು. ವಯಸ್ಸು 21. ಶ್ವಾಸಕೋಶದಲ್ಲಿ ನೀರು ತುಂಬಿತ್ತೆಂದು ಆಗ ವರದಿಯಾಯಿತು. ಮನೆಯವರು ದೂರು ಕೊಟ್ಟರು. ಆ ದಿನ ಎಲ್ಲರೂ ಅದನ್ನು 'ತೂಕ ಇಳಿಸುವ ಆಪರೇಷನ್' ಎಂದರು. ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಲೈಪೊಸಕ್ಷನ್ ಬೇರೆ, ಜಠರವನ್ನು ಕಿರಿದಾಗಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಬೇರೆ. ಮೊದಲನೆಯದು ಆಕಾರ ತಿದ್ದುವುದಕ್ಕೆ, ಅದರಿಂದ ಸಕ್ಕರೆ ಕಾಯಿಲೆಯೂ ಹೋಗದು, ಬೊಜ್ಜಿನ ರೋಗವೂ ಹೋಗದು. ಕಾಯಿಲೆಯಿಲ್ಲದ ಎಳೆಯ ದೇಹ ಅಷ್ಟು ಅಪಾಯವನ್ನು ಹೊರಬೇಕಾದರೆ ಎದುರಿನ ಲಾಭವೇನು ಎಂದು ಕೇಳಬೇಕಾದ್ದು ಆಕೆಯನ್ನಲ್ಲ, ಸೊಂಟದ ಅಳತೆ ನೋಡಿ ಪಾತ್ರ ಕೊಡುವ ಲೋಕವನ್ನು.

ಮತ್ತೆ ಕೊಡಗಿಗೆ ಬರೋಣ. ನಮ್ಮ ಜಿಲ್ಲೆಗೆ ರೈಲಿಲ್ಲ. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು ಶುರುವಾದದ್ದು 2016ರಲ್ಲಿ. 2019ರ ಜೂನ್‌ನಲ್ಲಿ ಕೊಡಗಿನ ಯುವಕ ಯುವತಿಯರು ತುರ್ತುಚಿಕಿತ್ಸೆಯ ಆಸ್ಪತ್ರೆ ಬೇಕೆಂದು ಸಾಮಾಜಿಕ ಜಾಲತಾಣದಲ್ಲಿ ದೊಡ್ಡ ಅಭಿಯಾನವನ್ನೇ ನಡೆಸಬೇಕಾಯಿತು. ದೊಡ್ಡ ಶಸ್ತ್ರಚಿಕಿತ್ಸೆ ಎಂದರೆ ನಮಗೆ 120 ಕಿಲೋಮೀಟರ್ ದೂರದ ಮೈಸೂರು, ಘಟ್ಟ ಇಳಿದರೆ ಮಂಗಳೂರು, ಇಲ್ಲವೇ ಬೆಂಗಳೂರು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಸಂಪಾಜೆಯ ದಾರಿ ವಾರಗಟ್ಟಲೆ ಮುಚ್ಚಿತ್ತು. ಈಗ ಆಪರೇಷನ್ ಆದವರನ್ನು ಎರಡು ಮೂರು ದಿನದಲ್ಲಿ ಮನೆಗೆ ಕಳಿಸುತ್ತಾರೆ. ಕತ್ತರಿಸಿ ಜೋಡಿಸಿದ ಜಾಗದಲ್ಲಿ ಸೋರಿಕೆಯಾದರೆ ಅದು ಗೊತ್ತಾಗುವುದು ಎಷ್ಟೋ ಸಲ ಮನೆ ಸೇರಿದ ಮೇಲೆ. ನಾಡಿ ವಿಪರೀತ ಓಡುವುದು, ಜ್ವರ, ಎಡಭುಜದ ನೋವು, ಏದುಸಿರು ಅದರ ಗುರುತುಗಳು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಏರಿದರೂ ಏದುಸಿರು ಬರುತ್ತದೆ. ಇವೆರಡಕ್ಕೂ ಗಂಟೆಗಳ ಲೆಕ್ಕ. ಜುಲೈ ತಿಂಗಳ ರಾತ್ರಿ, ಮರ ಬಿದ್ದ ರಸ್ತೆ, ಸಿಗ್ನಲ್ ಇಲ್ಲದ ಫೋನು – ಇದನ್ನು ಯಾವ ಅಧ್ಯಯನದ ಶೇಕಡಾವಾರಿನಲ್ಲೂ ಸೇರಿಸಿಲ್ಲ.

ದೂರ ಎಂದರೆ ರಸ್ತೆಯದು ಮಾತ್ರ ಅಲ್ಲ. ಆಪರೇಷನ್ ಆಗಿ ಎರಡು ತಿಂಗಳಿಗೆ ಒಬ್ಬಳಿಗೆ ವಾಂತಿ ನಿಲ್ಲುತ್ತಿಲ್ಲ ಎಂದುಕೊಳ್ಳಿ. ಹತ್ತಿರದ ಕ್ಲಿನಿಕ್ಕಿನಲ್ಲಿ ಮಾಡುವುದೇನು? ಒಂದು ಗ್ಲೂಕೋಸ್ ಬಾಟ್ಲಿ. ವಾರಗಟ್ಟಲೆ ವಾಂತಿ ಮಾಡಿದ ದೇಹದಲ್ಲಿ ಬಿ1 ವಿಟಮಿನ್ ಬರಿದಾಗಿರುತ್ತದೆ; ಅದನ್ನು ಮೊದಲು ಕೊಡದೆ ಗ್ಲೂಕೋಸ್ ಏರಿಸಿದರೆ ಇದ್ದ ಚೂರೂ ಖರ್ಚಾಗಿ ಮಿದುಳಿಗೇ ಪೆಟ್ಟು ಬೀಳಬಹುದು. ಕಣ್ಣು ಓಲಾಡುವುದು, ನಡೆಯುವಾಗ ತೂರಾಡುವುದು, ಮಾತು ಗೊಂದಲವಾಗುವುದು. 1881ರಲ್ಲಿ ಕಾರ್ಲ್ ವೆರ್ನಿಕೆ ವಿವರಿಸಿದ ಕಾಯಿಲೆ ಅದು. ಪಾಲಿಶ್ ಅಕ್ಕಿ ತಿಂದು ಬೆರಿಬೆರಿಯಿಂದ ಸತ್ತ ಜಾವಾದ ಬಡವರ ದೇಹದಲ್ಲಿ ಇಲ್ಲದ್ದೂ ಇದೇ ವಿಟಮಿನ್. ಲಕ್ಷಗಟ್ಟಲೆ ಖರ್ಚು ಮಾಡಿ ಬಡವರ ಕಾಯಿಲೆಯನ್ನು ತಂದುಕೊಂಡಂತಾಯಿತು. ಕಾಪಾಡುವ ಚುಚ್ಚುಮದ್ದು ದುಬಾರಿಯೇನಲ್ಲ, ಆದರೆ ಆಪರೇಷನ್ ಆಗಿದೆ ಎಂಬುದು ಎದುರಿನ ಡಾಕ್ಟರಿಗೆ ತಿಳಿದಿರಬೇಕು.

ಅದನ್ನೇ ನಮ್ಮವರು ಬಚ್ಚಿಡುತ್ತಾರೆ. ನಾಚಿಕೆ. 'ವಾಕಿಂಗ್ ಮಾಡಿ ಇಳಿಸಿದೆ' ಎನ್ನುತ್ತಾರೆ. ಐದು ವರ್ಷದ ನಂತರ ಮಂಡಿನೋವೆಂದು ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗುತ್ತಾರೆ. ಬೈಪಾಸ್ ಆದ ಹೊಟ್ಟೆಯ ಜೋಡಣೆಯ ಜಾಗದಲ್ಲಿ ಅದರಿಂದ ಹುಣ್ಣಾಗಿ ರಕ್ತ ಸೋರಬಹುದು, ಬೀಡಿ ಸಿಗರೇಟು ಸೇರಿದರೆ ಇನ್ನೂ ಬೇಗ. ಬಂದು ಬಂದು ಹೋಗುವ ಹೊಟ್ಟೆನೋವನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕುತ್ತಾರೆ. ಬೈಪಾಸ್ ಆದವರಲ್ಲಿ ವರ್ಷಗಳ ನಂತರವೂ ಕರುಳು ಒಳಗಿನ ಸಂದಿಯೊಂದಕ್ಕೆ ಸಿಕ್ಕಿಕೊಂಡು ಹಾಗೆ ನೋಯುವುದುಂಟು, ತಡವಾದರೆ ಕರುಳೇ ಕೊಳೆಯುತ್ತದೆ. ತೂಕ ಬೇಗ ಇಳಿದವರಿಗೆ ಪಿತ್ತಕೋಶದಲ್ಲಿ ಕಲ್ಲಾಗುವುದೂ ಸಾಮಾನ್ಯ.

2025ರಿಂದ ನಮ್ಮ ದೇಶದಲ್ಲೂ ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು ಸಿಗುತ್ತಿವೆ. ಕೆಲವರಿಗೆ ಚಾಕುವಿನ ಅಗತ್ಯವೇ ಬಾರದಿರಬಹುದು. ಅಗತ್ಯ ಇರುವವರು, 120 ಕಿಲೋ ತೂಗುತ್ತ ರಾತ್ರಿ ಉಸಿರು ಕಟ್ಟಿ ಎದ್ದು ಕೂರುವವರು, ಹೆದರಿ ಹಿಂದೆ ಸರಿಯಬಾರದು. ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮುಂಚೆ ಸರ್ಜನರನ್ನು ಕೇಳಲಿ: ನೀವು ಇಂಥವು ಎಷ್ಟು ಮಾಡಿದ್ದೀರಿ, ಸೋರಿಕೆಯಾದರೆ ರಾತ್ರಿ ಹೊತ್ತು ಫೋನ್ ಎತ್ತುವವರು ಯಾರು, ಐದನೆಯ ವರ್ಷದಲ್ಲಿ ನನ್ನನ್ನು ನೋಡುವವರು ಯಾರು. ಸಾಧ್ಯವಾದರೆ ಮಳೆಗಾಲ ಕಳೆದ ಮೇಲೆ ದಿನ ಗೊತ್ತುಮಾಡಿ, ಮೊದಲ ಎರಡು ವಾರ ಆಸ್ಪತ್ರೆಯಿರುವ ಊರಿನಲ್ಲೇ ನೆಂಟರ ಮನೆಯಲ್ಲಿ ಇರಲಿ. ಬಿಡುಗಡೆಯ ದಿನ ಯಾವ ಆಪರೇಷನ್, ಏನನ್ನು ಕತ್ತರಿಸಿದೆ, ಯಾವ ಮಾತ್ರೆ ಕೊಡಬಾರದು, ವಾಂತಿಯಾದರೆ ಗ್ಲೂಕೋಸಿಗೆ ಮುಂಚೆ ಏನು ಕೊಡಬೇಕು ಎಂದು ಒಂದು ಹಾಳೆಯಲ್ಲಿ ಬರೆಸಿಕೊಳ್ಳಲಿ. ಅದರ ಒಂದು ಪ್ರತಿ ಊರಿನ ಡಾಕ್ಟರ ಬಳಿ ಇರಲಿ, ಇನ್ನೊಂದು ಪರ್ಸಿನಲ್ಲಿ, ಆಧಾರ್ ಕಾರ್ಡಿನ ಪಕ್ಕದಲ್ಲಿ.